ಬಿಸಿಲೂರಿನಲ್ಲಿ ಉಲ್ಲನ್ ಕೌಲ್

ಮಾಧವರಂ ಕರ್ನೂಲು ಜಿಲ್ಲೆಯ ಪಡುವಣ ಅಂಚಿನ ಊರು. ಮಂತ್ರಾಲಯಂ ಇಲ್ಲಿಂದ ದೂರವಲ್ಲ; ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಸೇರಿದವು. ಮನೆಮಾತನ್ನು ಹಾಗೆ ತಾಲ್ಲೂಕುವಾರು ಹಂಚಲು ಯಾರಿಗೂ ಆಗಲಿಲ್ಲ. ಈ ಸೀಮೆಯಲ್ಲಿ ಶಾಲೆಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಎರಡೂ ಎನ್ನುವ ಮನೆಗಳು ಇನ್ನೂ ಇವೆ.

ಅಂಥದೊಂದು ಮನೆಯ ಪಡಸಾಲೆಯ ಮಾತುಕತೆ ಇದು. ಒಬ್ಬಾಕೆ ಅರವತ್ತು ದಾಟಿದ ದೊಡ್ಡವ್ವ; ತವರಿನಲ್ಲಿ ಕಂಬಳಿಗೆ ಉಣ್ಣೆ ನೂತು ಬೆಳೆದವಳು. ಇನ್ನೊಬ್ಬಳು ಅವಳ ಮೈದುನನ ಮಗಳು, ಬೆಂಗಳೂರಿನಲ್ಲಿ ನೌಕರಿ. ಹುಡುಗಿಯ ಅಕ್ಕ ಎಡಿನ್‌ಬರೋದಲ್ಲಿ ಸಂಸಾರ ಹೂಡಿದ್ದಾಳೆ. ಅವಳು ಕಳಿಸಿದ ಶೆಟ್ಲೆಂಡ್ ಉಲ್ಲನ್ನಿನ ಉಂಡೆಗಳು ಮಂಚದ ಮೇಲಿವೆ. ಅವನ್ನು ಹೆಣೆದು ಚಳಿಗಾಲಕ್ಕೆ ಅಕ್ಕನಿಗೇ ವಾಪಸು ಕಳಿಸುವುದು ಹುಡುಗಿಯ ಲೆಕ್ಕಾಚಾರ. ಹೆಣಿಗೆಯ ಉಲ್ಟಾ, ಸೀದಾ ಕುಣಿಕೆಗಳೆರಡೂ ಈಚೆಗೆ ಕಲಿತದ್ದು. ಆದರೂ ಮೊದಲ ಕೆಲಸದಲ್ಲೇ ಎರಡು ಬಣ್ಣದ ಚಿತ್ರ ಬರಬೇಕೆಂಬ ಹಟ.

ದೊಡ್ಡವ್ವ: ಏನವ್ವಾ ಇದು, ಕಡ್ಡಿ ಎರಡು, ನಡುವ ಹಗ್ಗ?

ಹುಡುಗಿ: ಸುತ್ತು ಕಡ್ಡಿ ದೊಡ್ಡವ್ವ. ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರೋ ಹೆಣಿಗೆ ಅಲ್ಲ. ಸುತ್ತಿ ಸುತ್ತಿ ಮೇಲಕ್ಕೆ ಹೋಗೋದು. ಕೌಲ್ ಅಂತಾರೆ, ತುದಿ ಇಲ್ಲದ ಮಫ್ಲರ್ ಅಂದ್ಕೋ. ತಲೆ ಮೇಲಿಂದ ಹಾಕ್ಕೊಂಡ್ರೆ ಕೊರಳಿಗೆ ಬಂದು ಕೂರುತ್ತೆ.

ದೊಡ್ಡವ್ವ: ಮೇ ತಿಂಗಳಾಗ 40 ಡಿಗ್ರಿ ದಾಟೋ ಊರಾಗ ಕುಂತು ಕೊರಳಿಗೆ ಉಣ್ಣಿ ಸುತ್ತೋದು! ಆದೋನಿ ಮಾರ್ಕೆಟ್‌ನಾಗ ಹತ್ತಿ ರಾಶಿ ಬಿದ್ದಿರ್ತೈತಿ, ನೀ ಸಮುದ್ರ ದಾಟಿಸಿ ಕುರಿ ಕೂದ್ಲ ತರಿಸೀದಿ.

ಹುಡುಗಿ: ಬಿಸಿಲೂರಲ್ಲಿ ಉಣ್ಣೆ ಬೇಡ ಅನ್ನೋಳು ನೀನಾ? ನಿಮ್ಮಪ್ಪ ಬೇಸಿಗೇಲೂ ಕಂಬಳಿ ಹೆಗಲಿಂದ ಇಳಿಸ್ತಿರಲಿಲ್ಲ ಅಂತ ನೀನೇ ಹೇಳ್ತಿದ್ದಿ. ಮೈಲಾರಲಿಂಗನ ಗೊರವರು ಕರಿ ಕಂಬಳಿ ಅಂಗಿ ಹಾಕ್ಕೊಂಡು ಉರಿಬಿಸಿಲಲ್ಲಿ ಕುಣೀತಾರೆ. ಮಳೆ ಬಂದ್ರೆ ಕುರಿ ಕಾಯೋರು ಅದೇ ಕಂಬಳೀನ ಕೊಪ್ಪೆ ಮಾಡಿ ತಲೆಗೆ ಹಾಕ್ಕೊಳ್ತಾರೆ.

ದೊಡ್ಡವ್ವ: ಕಂಬಳಿ ಹಾಸೋಕೂ ಆತು, ಹೊದೆಯೋಕೂ ಆತು, ದೇವರ ಗದ್ದಿಗಿಗೂ ಆತು. ಒಂದು ನೆಯ್ದ್ರೆ ಮನೀಗೆಲ್ಲ ಬರ್ತಿತ್ತು. ಇದು ಒಬ್ಬರ ಕೊರಳಿಗೆ.

ಉಪಯೋಗದ ಮಾತು ತೆಗೆದರೆ ಹುಡುಗಿಗೆ ಉತ್ತರ ಸುಲಭವಲ್ಲ. ಸ್ಕಾಟ್ಲೆಂಡಿನ ಅಂಗಡಿಯಲ್ಲಿ ಹೆಣೆದ ಕೌಲ್ ಬೇಕಾದಷ್ಟು ಸಿಗುತ್ತದೆ. ಅಲ್ಲಿಯ ದಾರ ಇಲ್ಲಿಗೆ ಬಂದು ಮತ್ತೆ ಅಲ್ಲಿಗೇ ಹೋಗುವ ಅಂಚೆಖರ್ಚು ಸೇರಿಸಿದರೆ ಲೆಕ್ಕ ಯಾವ ದಾರಿಯಲ್ಲೂ ಕೂಡುವುದಿಲ್ಲ. ಆಕೆ ಲೆಕ್ಕ ಬಿಟ್ಟು ಕಸುಬಿಗೆ ಬಂದಳು.

ಹುಡುಗಿ: ಹತ್ತಿ ದಾರದಲ್ಲೂ ಹೆಣೀಬಹುದು. ಆದ್ರೆ ಹೊಸಬರಿಗೆ ಅದು ಕಷ್ಟ. ಹತ್ತೀಗೆ ಎಳೆತ ಇಲ್ಲ, ಒಂದು ಕುಣಿಕೆ ದೊಡ್ಡದು ಒಂದು ಸಣ್ಣದು ಆದ್ರೆ ಹಂಗೇ ಎದ್ದು ಕಾಣುತ್ತೆ. ಉಲ್ಲನ್ ಒಂದಕ್ಕೊಂದು ಹಿಡ್ಕೊಳ್ಳುತ್ತೆ. ಹೆಣೆದಾದ ಮೇಲೆ ನೀರಲ್ಲಿ ನೆನೆಸಿ, ಹಿಂಡದೆ ಒತ್ತಿ, ಹರವಿ ಒಣಗಿಸಿದ್ರೆ ಅಂಕುಡೊಂಕೆಲ್ಲ ಒಂದು ಹದಕ್ಕೆ ಬರುತ್ತೆ. ಪೇಟೇಲಿ ಉಲ್ಲನ್ ಅಂತ ಮಾರೋದು ಬಹಳ ಮಟ್ಟಿಗೆ ಅಕ್ರಿಲಿಕ್. ಅದಕ್ಕೆ ಆ ಗುಣ ಇಲ್ಲ, ತೊಳೆದ್ರೂ ತಪ್ಪು ತಪ್ಪಾಗೇ ಇರುತ್ತೆ.

ದೊಡ್ಡವ್ವ: ಹಂಗಾದ್ರ ಕುರಿ ಉಣ್ಣಿ ನಿನ್ನ ತಪ್ಪು ಮುಚ್ಚತೈತಿ.

ಹುಡುಗಿ: ಅಷ್ಟರ ಮಟ್ಟಿಗೆ ಮುಚ್ಚುತ್ತೆ.

ದೊಡ್ಡವ್ವ: ಕಂಬಳಿ ಮುಚ್ಚತಿರಲಿಲ್ಲ ಬಿಡು. ನೂಲು ಎಲ್ಲಿ ದಪ್ಪ ಆತು ಅಂತ ನಮ್ಮವ್ವ ಕತ್ತಲಾಗ ಕೈ ಆಡಿಸಿ ಹೇಳ್ತಿದ್ದಳು.

ಎರಡು ಬಣ್ಣದ ಹೆಣಿಗೆಯ ತತ್ವ ಸರಳ. ಒಂದು ಸುತ್ತಿನಲ್ಲಿ ಎರಡು ದಾರ ಜೊತೆಗೆ ಬರುತ್ತವೆ. ಚಿತ್ರಕ್ಕೆ ಬೇಕಾದ ಬಣ್ಣದಲ್ಲಿ ಕುಣಿಕೆ ಹಾಕುವಾಗ ಬೇಡವಾದದ್ದು ಬಟ್ಟೆಯ ಹಿಂದೆ ಹಾಯುತ್ತ ತನ್ನ ಸರದಿಗೆ ಕಾಯುತ್ತದೆ. ಶೆಟ್ಲೆಂಡಿಗೂ ಆರ್ಕ್ನಿಗೂ ನಡುವಿನ ಫೇರ್ ಐಲ್ ಎಂಬ ಸಣ್ಣ ದ್ವೀಪದ ಹೆಸರಿನಲ್ಲಿ ಈ ಕಲೆ ಲೋಕಕ್ಕೆ ಗೊತ್ತು. ಅಲ್ಲಿಯ ಸ್ವೆಟರಿನಲ್ಲಿ ಎಂಟು ಹತ್ತು ಬಣ್ಣ ಕಂಡರೂ ಯಾವುದೇ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಎರಡೇ ಬಣ್ಣ ಇರುತ್ತವೆ. ನೋಡುವವರಿಗೆ ಜಾತ್ರೆ, ಹೆಣೆಯುವವರಿಗೆ ಎರಡೇ ದಾರ. ಆಗ ಪ್ರಿನ್ಸ್ ಆಫ್ ವೇಲ್ಸ್ ಆಗಿದ್ದ ಎಡ್ವರ್ಡ್ 1920ರ ದಶಕದಲ್ಲಿ ಗಾಲ್ಫ್ ಆಡಲು ಇಂಥ ಸ್ವೆಟರು ತೊಟ್ಟ ಮೇಲೆ ಅದು ಫ್ಯಾಷನ್ ಆಯಿತು. ಕಡಲ ಜನರ ದಪ್ಪ ಬಟ್ಟೆ ದೊಡ್ಡವರ ಬೀರುವಿಗೆ ಹೋದದ್ದು ಹಾಗೆ.

ಹುಡುಗಿ: ಅಲ್ಲೊಂದು ಕತೆ ಇದೆ ದೊಡ್ಡವ್ವ. 1588ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋದ ಸ್ಪೇನಿನ ಹಡಗು ಒಂದು, ಎಲ್ ಗ್ರಾನ್ ಗ್ರಿಫೋನ್ ಅಂತ, ಆ ದ್ವೀಪದ ಬಂಡೆಗೆ ಬಡಿದು ಒಡೀತು. ಬದುಕಿ ಉಳಿದ ನಾವಿಕರು ಅಲ್ಲಿಯ ಹೆಂಗಸರಿಗೆ ಈ ಚಿತ್ರಗಳನ್ನ ಕಲಿಸಿದ್ರು ಅಂತ.

ದೊಡ್ಡವ್ವ: ಹಡಗು ಮುಳುಗಿ ಜೀವಕ್ಕ ಬಂದಿದ್ದಾಗ ಗಂಡಸರು ಹೆಂಗಸರಿಗೆ ಹೆಣಿಗಿ ಕಲಿಸಿದ್ರು?

ಹುಡುಗಿ: ಹಡಗು ಒಡೆದದ್ದು ನಿಜ. ಕಲಿಸಿದ್ದಕ್ಕೆ ಆಧಾರ ಇಲ್ಲ ಅಂತಾರೆ ಇತಿಹಾಸ ಬಲ್ಲವರು.

ದೊಡ್ಡವ್ವ: ಹೆಂಗಸರು ತಾವೇ ಕಟ್ಟಿದ್ದಕ್ಕ ಯಾರೋ ಗಂಡಸು ಬಂದು ಕಲಿಸಿದ ಅಂತ ಒಂದು ಕತಿ ಇರ್ಲೇಬೇಕು ನೋಡು.

ಹುಡುಗಿ ನಕ್ಕಳು, ನಗುತ್ತಲೇ ಬಾಣ ತಿರುಗಿಸಿದಳು. ಕಂಬಳಿಯ ಮನೆಗಳಲ್ಲಿ ಉಣ್ಣೆ ತೊಳೆದು, ಎಕ್ಕಿ, ಹಂಜಿ ಮಾಡಿ ನೂಲುವವರು ಹೆಂಗಸರು. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವವರು ಹೆಚ್ಚಾಗಿ ಗಂಡಸರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಕಟ್ಟುವಾಗ ಮನೆಮಂದಿಯೆಲ್ಲ ಬೇಕು. ಸಂತೆಗೆ ಹೊತ್ತು ಮಾರಿ ಬಂದವನು ಮಾತ್ರ ಒಬ್ಬ.

ಹುಡುಗಿ: ನಿಮ್ಮವ್ವ ಎಷ್ಟು ಕಂಬಳಿಗೆ ನೂತಳು? ಒಂದನ್ನಾದರೂ ಅವಳ ಕಂಬಳಿ ಅಂತ ಯಾರಾದ್ರೂ ಕರೆದ್ರಾ?

ದೊಡ್ಡವ್ವ: ಕರೀಲಿಲ್ಲ. ಬ್ಯಾರೆಯವರಿಗೆ ನೂತು ಕೊಟ್ರ ಜ್ವಾಳ ಅಳೆದು ಕೊಡ್ತಿದ್ದರು. ರೊಕ್ಕ ಅಕಿ ಕೈಗೆ ಬಂದಿದ್ದು ನಾ ಕಂಡಿಲ್ಲ.

ಹುಡುಗಿ: ಶೆಟ್ಲೆಂಡಿನಲ್ಲೂ ಅದೇ. ಹೆಂಗಸರು ಹೆಣೆದ ಶಾಲು, ಕಾಲುಚೀಲ ತಗೊಂಡು ಸಾಹುಕಾರರು ಕಾಸು ಕೊಡ್ತಿರಲಿಲ್ಲ. ಅಂಗಡೀಲಿ ಚಹಾ ತಗೋ, ಬಟ್ಟೆ ತಗೋ ಅಂತಿದ್ರು. ದೂರು ದೊಡ್ಡದಾಗಿ ಸರ್ಕಾರ ವಿಚಾರಣೆ ನಡೆಸ್ತು. 1872ರಲ್ಲಿ ವರದಿ ಬಂತು.

ದೊಡ್ಡವ್ವ: ಮತ್ತ? ಅವರು ಹೊಟ್ಟಿಗೆ ಹೆಣೆದ್ರು, ನಮ್ಮವ್ವ ಹೊಟ್ಟಿಗೆ ನೂತಳು. ನೀ ಬ್ಯಾಸರ ಕಳೀಲಿಕ್ಕ ಹೆಣಿತಿ. ಮೂರನ್ನೂ ಒಂದ ತಕ್ಕಡಿಗೆ ಹಾಕಬ್ಯಾಡ.

ಈ ಮಾತು ನಾಟಿತು. ಹುಡುಗಿ ಸ್ವಲ್ಪ ಹೊತ್ತು ಕುಣಿಕೆ ಎಣಿಸುವ ನೆಪ ಮಾಡಿದಳು. 144 ಕುಣಿಕೆ ಹಾಕಬೇಕಿತ್ತು. 10 ಸೆಂಟಿಮೀಟರಿಗೆ 24 ಬಂದರೆ 60 ಸೆಂಟಿಮೀಟರ್ ಸುತ್ತಳತೆಗೆ ಅಷ್ಟಾಗುತ್ತದೆ. 12 ಕುಣಿಕೆಯ ಚಿತ್ರ ಸುತ್ತಲೂ 12 ಸಲ ಸರಿಯಾಗಿ ಕೂರುತ್ತದೆ. ಮೊದಲ ಸುತ್ತು ಕೂಡಿಸುವಾಗ ಸಾಲು ಕಡ್ಡಿಯ ಮೇಲೆ ಒಂದು ತಿರುವು ಹಾಕಿಕೊಂಡಿದ್ದರೆ ಮುಗಿಯಿತು, ಕೊನೆಯತನಕ ಆ ತಿರುವು ಬಿಡುವುದಿಲ್ಲ, ಬಿಚ್ಚದೆ ಗತಿಯಿಲ್ಲ. ಕೆಳ ಅಂಚು ಸುರುಳಿ ಸುತ್ತದಿರಲು ಮೊದಲ ಕೆಲವು ಸುತ್ತು ಎರಡು ಸೀದಾ, ಎರಡು ಉಲ್ಟಾ. ಚಿತ್ರ ಆಮೇಲೆ.

ದೊಡ್ಡವ್ವ ಕಸುಬಿನ ಪ್ರಶ್ನೆಯನ್ನೇ ಕೇಳಿದಳು.

ದೊಡ್ಡವ್ವ: ಮೊದಲ ಸಲ ಪಟ್ಟಿ ಹಾಕಿದ್ರ ಆಗಲ್ಲೇನು? ನಾವು ಕರಿ ಕಂಬಳಿ ಅಂಚಿಗೆ ಬಿಳಿ ಪಟ್ಟಿ ಬಿಡ್ತಿದ್ವಿ. ಲಾಳಿಯಾಗಿನ ನೂಲು ಬದಲಿಸಿದ್ರ ಆತು. ಒಂದು ಸಾಲಿಗೆ ಒಂದೇ ಬಣ್ಣ.

ಹುಡುಗಿ: ಮಗ್ಗದಲ್ಲಿ ಚೊಕ್ಕ ಬರುತ್ತೆ. ಇಲ್ಲಿ ಸುತ್ತು ಅನ್ನೋದು ಸುತ್ತಲ್ಲ, ಸುರುಳಿ. ಸುತ್ತು ಮುಗಿಯೋ ಜಾಗ ಶುರುವಾದ ಜಾಗಕ್ಕಿಂತ ಒಂದು ಸಾಲು ಮೇಲಿರುತ್ತೆ. ಪಟ್ಟಿ ಹಾಕಿದ್ರೆ ಅಲ್ಲೊಂದು ಮೆಟ್ಟಿಲು ಬೀಳುತ್ತೆ. ಅದನ್ನ ಮರೆಸೋಕೆ ಬೇರೆ ಉಪಾಯ ಬೇಕು. ಸಣ್ಣ ಸಣ್ಣ ಚಿತ್ರದಲ್ಲಿ ಆ ಮೆಟ್ಟಿಲು ಅಷ್ಟು ಕಾಣಲ್ಲ.

ದೊಡ್ಡವ್ವ: ಬಟ್ಟಿ ಒಂದೇ ಬಣ್ಣದಾಗ ಹೆಣೆದು ಮ್ಯಾಲ ಸೂಜೀಲಿ ಕಸೂತಿ ಹಾಕು. ಧಾರವಾಡ ಕಡಿಯವರು ಇಳಕಲ್ ಸೀರಿ ಮ್ಯಾಲ ಆನಿ, ತೇರು, ಗೋಪುರ ಎಲ್ಲ ಎಳಿ ಎಣಿಸಿ ಹಾಕ್ತಾರ.

ಹುಡುಗಿ: ಒಂದೆರಡು ಕುಣಿಕೆ ತಪ್ಪು ಬಣ್ಣ ಆದ್ರೆ ಹಂಗೇ ಮಾಡ್ತೀವಿ, ಕುಣಿಕೆ ಮೇಲೆ ಕುಣಿಕೆ ದಾರೀಲೇ ಸೂಜಿ ಓಡಿಸಿ ಮುಚ್ತೀವಿ. ಇಡೀ ಚಿತ್ರಕ್ಕೆ ಅದೇ ಮಾಡಿದ್ರೆ ದಡೂತಿ ಆಗುತ್ತೆ, ಎಳೆತ ಹೋಗುತ್ತೆ. ಆದ್ರೆ ಕಸೂತಿ ಚಿತ್ರಾನ ನಾನು ಬಿಟ್ಟಿಲ್ಲ. ನೋಡು, ಇದು ಗೋಪುರ.

ಆಕೆ ತೋರಿಸಿದ್ದು ಚೌಕುಳಿ ಕಾಗದ. ಕರಿ ಚೌಕ ಒಂದು ಬಣ್ಣ, ಖಾಲಿ ಚೌಕ ಇನ್ನೊಂದು. ಕೆಳಗಿನ ಸಾಲಿನ ಬಲತುದಿಯಿಂದ ಓದಬೇಕು, ಸುತ್ತಿನಲ್ಲಿ ಹೆಣೆಯುವಾಗ ಪ್ರತಿ ಸಾಲೂ ಬಲದಿಂದಲೇ ಶುರು. ಬಟ್ಟೆಯ ಮುಖ ಯಾವಾಗಲೂ ಹೆಣೆಯುವವಳ ಕಡೆಗೇ ಇರುವುದರಿಂದ ಚಿತ್ರ ಸಾಲಿನಿಂದ ಸಾಲಿಗೆ ಎದ್ದುಬರುವುದು ಕಾಣುತ್ತದೆ. ಹೊಸಬರಿಗೆ ಎರಡು ಬಣ್ಣದ ಕೆಲಸವನ್ನು ತುದಿಯಿಂದ ತುದಿಗೆ ಹೋಗಿ ಬರುವ ಹೆಣಿಗೆಗಿಂತ ಸುತ್ತಿನಲ್ಲೇ ಕಲಿಸುವುದು ಇದಕ್ಕೇ. ಕಾಗದಕ್ಕೆ ತೆಲುಗು ಮಾಧ್ಯಮ, ಕನ್ನಡ ಮಾಧ್ಯಮ ಎಂಬ ತಕರಾರೂ ಇಲ್ಲ.

ಕಸೂತಿಯನ್ನು ಹೆಣಿಗೆಗೆ ಇಳಿಸುವುದು ಮಾತ್ರ ಕೇಳಿದಷ್ಟು ಸಲೀಸಲ್ಲ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಗೆರೆಯ ಕಲೆ. ಹೆಣಿಗೆಯದು ಚುಕ್ಕಿ ತುಂಬುವ ಕಲೆ. ಸಣ್ಣ ಗೆರೆಯೊಂದು ಇಲ್ಲಿ ಒಂದು ಇಡೀ ಕುಣಿಕೆಯನ್ನೇ ನುಂಗುತ್ತದೆ. ಅದಲ್ಲದೆ ಹೆಣಿಗೆಯ ಕುಣಿಕೆ ಚೌಕವಲ್ಲ. ಅಗಲ ಹೆಚ್ಚು, ಎತ್ತರ ಕಡಿಮೆ. ಎರಡು ದಾರದ ಕೆಲಸದಲ್ಲಿ ತುಸು ಚೌಕಕ್ಕೆ ಹತ್ತಿರ ಬಂದರೂ ಕಾಗದದ ಮೇಲೆ ನೀಳವಾಗಿ ನಿಂತ ಗೋಪುರ ಉಲ್ಲನ್ನಿನಲ್ಲಿ ಕುಗ್ಗಿ ಕೂರುತ್ತದೆ. ಹುಡುಗಿ ಅದಕ್ಕೆಂದು ಗೋಪುರಕ್ಕೆ ಒಂದೆರಡು ಸಾಲು ಕೂಡಿಸಿದ್ದಳು.

ದೊಡ್ಡವ್ವ ಕಾಗದ ನೋಡಲಿಲ್ಲ. ಅಂಗೈಯಗಲದ ಮಾದರಿಯೊಂದನ್ನು ಹುಡುಗಿ ಮೊದಲೇ ಹೆಣೆದಿಟ್ಟಿದ್ದಳು. ಅದನ್ನೆತ್ತಿ ಮುಖ ನೋಡದೆ ಸೀದಾ ಬೆನ್ನು ತಿರುವಿದಳು.

ದೊಡ್ಡವ್ವ: ಇದೇನಿದು, ಹಿಂದ ಎಲ್ಲ ದಾರ ಜೋತು ಬಿದ್ದಾವಲ್ಲ? ಕಾಲ್ಬೆರಳು ಸಿಕ್ಕಿದ್ರ ಹರೀತೈತಿ.

ಹುಡುಗಿ: ಕೊರಳಿಗೆ ಹಾಕೋದು, ಕಾಲ್ಬೆರಳು ಯಾಕೆ ಸಿಗುತ್ತೆ!

ದೊಡ್ಡವ್ವ: ಬೆಂಡೋಲೆ ಸಿಗತೈತಿ. ಕಸೂತಿಯವರು ಮುಂದ ಹೆಂಗೋ ಹಿಂದ ಹಂಗ, ಗಂಟೇ ಹಾಕಂಗಿಲ್ಲ. ಕಂಬಳಿಗೆ ಹಿಂದ ಮುಂದ ಅನ್ನೋದೇ ಇಲ್ಲ. ನಿಂದು ಒಂದು ಮುಖದ ಬಟ್ಟಿ.

ಹುಡುಗಿ: ಎಲ್ಲ ಕಸೂತಿಯೂ ಎರಡು ಮುಖದ್ದಲ್ಲ. ಗವಂತಿ, ಮುರ್ಗಿ ಎರಡೂ ಕಡೆ ಒಂದೇ. ನೇಗಿ, ಮೆಂತೆ ಹಂಗಲ್ಲ, ಬೆನ್ನು ಬೇರೇನೇ ಕಾಣುತ್ತೆ. ಮತ್ತೆ ಈ ಜೋತ ದಾರ ಸುಮ್ಮನೆ ಇಲ್ಲ. ಇದರಿಂದಾನೇ ಬಟ್ಟೆ ಎರಡು ಪದರ ಆಗೋದು. ಬೆಚ್ಚಗಿರೋದು ಇದರಿಂದ.

ಇಬ್ಬರೂ ಸರಿ. ಹಿಂದೆ ಹಾಯುವ ದಾರ ಈ ಕಲೆಯ ಶಕ್ತಿಯೂ ಹೌದು, ಹೊಸಬರ ಶತ್ರುವೂ ಹೌದು. ಬಿಗಿಯಾಗಿ ಎಳೆದರೆ ಬಟ್ಟೆ ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡು ತಲೆಯಿಂದ ಕೆಳಗೇ ಇಳಿಯದು. ಸಡಿಲ ಬಿಟ್ಟರೆ ಕುಣಿಕೆ ಬಾಯಿ ತೆರೆಯುತ್ತದೆ. ಬಣ್ಣ ಬದಲಿಸುವ ಮುಂಚೆ ಬಲಗಡ್ಡಿಯ ಕುಣಿಕೆಗಳನ್ನು ಹರವಿ, ದಾರ ಆ ಅಗಲಕ್ಕೆ ಸರಿಯಾಗಿ ಹಾಯುವಂತೆ ನೋಡಿಕೊಳ್ಳುವುದು ಒಂದು ಅಭ್ಯಾಸ. ಕೈ ಬಿಗಿಯಿದ್ದವರು ಚಿತ್ರದ ಭಾಗಕ್ಕೆ ಒಂದು ಅಳತೆ ದಪ್ಪದ ಕಡ್ಡಿ ಹಿಡಿಯುತ್ತಾರೆ. ಒಂದೇ ಬಣ್ಣ ಐದು ಕುಣಿಕೆಗಿಂತ ಉದ್ದಕ್ಕೆ ಓಡಿದರೆ ನಡುವೆ ಹಿಂದಿನ ದಾರವನ್ನು ಒಮ್ಮೆ ತಿರುಚಿ ಸಿಕ್ಕಿಸಬೇಕು. ಹಳೆಯ ಫೇರ್ ಐಲ್ ಚಿತ್ರಗಳನ್ನು ಗಮನಿಸಿ ನೋಡಿ, ಉದ್ದ ಓಟಗಳೇ ಕಡಿಮೆ: ಹೆಣೆಯುವವರು ಬರೆದ ಚಿತ್ರ ಅದು. ಕಸೂತಿಯ ಗೋಪುರಕ್ಕೆ ಆ ದಾಕ್ಷಿಣ್ಯವಿಲ್ಲ. ಹುಡುಗಿಯ ಕಾಗದದಲ್ಲಿ ಗೋಪುರದ ಬುಡ ಒಂಬತ್ತು ಚೌಕ ಅಗಲವಿತ್ತು.

ದೊಡ್ಡವ್ವ: ಬುಡ ಕಿರಿದು ಮಾಡು.

ಹುಡುಗಿ: ಗೋಪುರ ಹೋಗಿ ಕೊಡೆ ಆಗುತ್ತೆ.

ದೊಡ್ಡವ್ವ: ನಡುವ ಬಾಗಿಲು ಬಿಡು. ಬಾಗಿಲಿಲ್ಲದ ಗುಡಿ ಯಾವ ಊರಾಗೈತಿ?

ಒಂಬತ್ತರ ನಡುವೆ ಒಂದು ಚೌಕ ಬಿಟ್ಟರೆ ಈ ಕಡೆ ನಾಲ್ಕು, ಆ ಕಡೆ ನಾಲ್ಕು; ದಾರ ಸಿಕ್ಕಿಸುವ ಕೆಲಸವೇ ತಪ್ಪಿತು. ಈ ಸುತ್ತಿನಲ್ಲಿ ದೊಡ್ಡವ್ವ ಗೆದ್ದಳೆನ್ನಬಹುದು. ಹೆಣಿಗೆ ಬಾರದವಳು ಗೆದ್ದದ್ದು ನೇಯ್ಗೆಯ ಮನೆಯ ಕಣ್ಣಿನಿಂದ.

ಬಣ್ಣದ ವಿಷಯಕ್ಕೆ ಬಂದಾಗ ಜಗಳ ಬೇರೆ ದಾರಿ ಹಿಡಿಯಿತು. ಅಕ್ಕ ಕಳಿಸಿದ್ದು ನೀಲಿ ಮತ್ತು ಹಸಿರು. ಕಣ್ಣಿಗೆ ಎರಡೂ ಬೇರೆ, ಆದರೆ ಎರಡರ ಗಾಢತೆ ಒಂದೇ. ಹುಡುಗಿ ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿದರೆ ಎರಡು ಉಂಡೆಯೂ ಒಂದೇ ಬೂದು. ಹೀಗಿದ್ದರೆ ಎಷ್ಟು ಅಚ್ಚುಕಟ್ಟಾಗಿ ಹೆಣೆದರೂ ಗೋಪುರ ದೂರಕ್ಕೆ ಕಾಣುವುದಿಲ್ಲ. ಎರಡು ದಾರದಲ್ಲಿ ಯಾವುದು ಕೆಳಗಿನಿಂದ ಬರುತ್ತದೋ ಅದರ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗಿ ಬಣ್ಣ ಮುಂದಕ್ಕೆ ಬರುತ್ತದೆ. ಆದ್ದರಿಂದ ಚಿತ್ರದ ಬಣ್ಣವನ್ನು ಕೆಳಗೆ, ನೆಲದ ಬಣ್ಣವನ್ನು ಮೇಲೆ ಹಿಡಿಯುವುದು, ನಡುವೆ ಅದಲುಬದಲು ಮಾಡದಿರುವುದು ರೂಢಿ. ಆದರೆ ಆ ಉಪಾಯಕ್ಕೂ ಬಣ್ಣದಲ್ಲಿ ಅಂತರವಿರಬೇಕು.

ದೊಡ್ಡವ್ವ: ಕರಿದು ಬಿಳೇದು ಇಟ್ಕೋ. ಅದಕ್ಕಿಂತ ಅಂತರ ಯಾವುದೈತಿ?

ಹುಡುಗಿ: ಅಕ್ಕನಿಗೆ ಹೇಳ್ತೀನಿ, ಕರಿ ಬಿಳಿ ಕಳಿಸು ಅಂತ.

ದೊಡ್ಡವ್ವ: ಅಲ್ಲಿಂದ ಯಾಕ? ನಮ್ಮ ಕುರಿಗೇನಾಗೈತಿ? ಬಳ್ಳಾರಿ ಕುರಿ ಅಂದ್ರ ಬಿಳೇದು, ಕರೇದು, ಎರಡೂ ಬೆರಕಿದ್ದು, ಎಲ್ಲ ಐತಿ. ಬಣ್ಣಕ್ಕ ಹಾಕೋದೇ ಬ್ಯಾಡ. ದೇವರು ಹಾಕಿ ಕಳಿಸ್ಯಾನ.

ಇದು ಹುರುಪಿನ ಮಾತಷ್ಟೇ ಅಲ್ಲ. ಬಳ್ಳಾರಿ ಎಂಬ ಕುರಿ ತಳಿಯ ಮೈಬಣ್ಣ ಬಿಳಿಯಿಂದ ಹಿಡಿದು ಬಿಳಿಕಪ್ಪಿನ ನಾನಾ ಬೆರಕೆ ದಾಟಿ ಕಡುಕಪ್ಪಿನ ತನಕ ಹೋಗುತ್ತದೆ. ಶೆಟ್ಲೆಂಡ್ ಕುರಿಗೂ ಇದೇ ಖ್ಯಾತಿ: ಅದರಲ್ಲಿ 11 ಮುಖ್ಯ ಬಣ್ಣಗಳನ್ನು ಗುರುತಿಸುತ್ತಾರೆ, ಬಣ್ಣ ಹಾಕದ ಉಣ್ಣೆಯಲ್ಲೇ ಅಲ್ಲಿ ಚಿತ್ರದ ಹೆಣಿಗೆ ನಡೆದುಬಂದಿದೆ. ಬಣ್ಣದ ಮಟ್ಟಿಗೆ ತುಂಗಭದ್ರೆಯ ದಂಡೆಯ ಹಟ್ಟಿಗೂ ಆ ದ್ವೀಪಕ್ಕೂ ದೊಡ್ಡ ಭೇದವಿಲ್ಲ. ಭೇದ ಇರುವುದು ಎಳೆಯ ದಪ್ಪದಲ್ಲಿ.

ಹುಡುಗಿ: ಚುಚ್ಚುತ್ತೆ ದೊಡ್ಡವ್ವ. ಮೆರಿನೊ ಉಣ್ಣೆ ಎಳೆ ಸುಮಾರು 20 ಮೈಕ್ರಾನ್. 30ರ ಮೇಲೆ ಹೋದ್ರೆ ಚರ್ಮಕ್ಕೆ ಕೆರೆತ ಶುರು. ನಮ್ಮ ದಕ್ಖನಿ ಕುರೀದು ಮೆರಿನೊ ದುಪ್ಪಟ್ಟಿಗಿಂತ ದಪ್ಪ. ಕಂಬಳಿಗೆ ಸರಿ. ಕೊರಳಿಗೆ ಹೆಂಗೆ?

ದೊಡ್ಡವ್ವ: ನಿಮ್ಮ ಮೈ ಮೆತ್ತಗಾಗೈತಿ. ಹುಟ್ಟಿದ ಕೂಸಿನ್ನ ಕಂಬಳಿ ಮ್ಯಾಲ ಹಾಕ್ತಿದ್ವಿ.

ಹುಡುಗಿ: ಕಂಬಳಿ ಮೇಲೆ ಸೀರೆ ಮಡಚಿ ಹಾಸಿ ಆಮೇಲೆ ಕೂಸು. ನನಗೆ ಗೊತ್ತಿಲ್ವಾ?

ದೊಡ್ಡವ್ವ: (ನಗುತ್ತ) ಮರಿ ಕುರಿ ಮೊದಲನೆ ಸಲ ಕತ್ತರಿಸಿದ ಉಣ್ಣಿ ಮೆತ್ತಗಿರತೈತಿ. ಅದನ್ನ ಬ್ಯಾರೆ ತೆಗೆದಿಡ್ತಿದ್ದರು.

ಹುಡುಗಿ: ಈಗ ತೆಗೆದಿಡೋರು ಯಾರು? ಉಣ್ಣೆ ಕತ್ತರಿಸೋ ಕೂಲೀನೂ ಹುಟ್ಟಲ್ಲ ಅಂತ ಹಟ್ಟೀಲೇ ಬಿಸಾಕ್ತಾರೆ. ಎಲ್ಲರಿಗೂ ಮಾಂಸದ ತೂಕ ಬೇಕು. ನೆಲ್ಲೂರು ಟಗರು ಬಿಟ್ಟು ತಳಿ ಬದಲಿಸಿದ ಮೇಲೆ ಹುಟ್ಟೋ ಮರಿಗೆ ಮೈ ತುಂಬ ಉಣ್ಣೇನೂ ಇರಲ್ಲ.

ದೊಡ್ಡವ್ವ: ಅದಕ್ಕ ಹೇಳಿದ್ದು. ನಮ್ಮದನ್ನ ತಿಪ್ಪಿಗೆ ಹಾಕಿ ಪರದೇಶದ್ದಕ್ಕ ರೊಕ್ಕ ಕೊಡ್ತೀರಿ.

ಹುಡುಗಿ: ನಾನೊಬ್ಬಳು ಕೌಲ್ ಹೆಣೆಯೋದು ಬಿಟ್ರೆ ಉಣ್ಣೆಗೆ ಬೆಲೆ ಬರುತ್ತಾ?

ಬೆಲೆ ಬರಬೇಕಾದರೆ ಒಬ್ಬರಿಂದಾಗದು ಎಂಬುದಕ್ಕೆ ಈ ಸೀಮೆಯೇ ಸಾಕ್ಷಿ. ಮಾಧವರಂನಿಂದ ದಕ್ಷಿಣಕ್ಕೆ ಹೋದರೆ ಸಿಗುವ ಎಮ್ಮಿಗನೂರಿನಲ್ಲಿ ಪದ್ಮಶ್ರೀ ಮಾಚಾನಿ ಸೋಮಪ್ಪ 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ನೂಲು ಕೊಡುವುದರಿಂದ ಹಿಡಿದು ನೆಯ್ದ ಬಟ್ಟೆ ಮಾರುವ ತನಕ ಸಂಘದ ಕೈಯಿತ್ತು; ಎಮ್ಮಿಗನೂರಿನ ಹಾಸಿಗೆ ಬಟ್ಟೆ ದೂರದೂರಿಗೆ ಹೋಯಿತು. ಅದಾದ ಮರುವರ್ಷ, 1939ರಲ್ಲಿ, ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಎಮ್ಮಾ ಯಾಕೊಬ್ಸನ್ ಎಂಬಾಕೆಯ ಮುಂದಾಳತ್ವದಲ್ಲಿ ಬೋಹುಸ್ ಸ್ಟಿಕ್ನಿಂಗ್ ಶುರುವಾಯಿತು. ಅಲ್ಲಿ ಕಲ್ಲುಕುಟಿಗರ ಕೆಲಸ ನಿಂತಿತ್ತು. ಅವರ ಮನೆಯ ಹೆಂಗಸರು ಹೆಣೆದ ಬಹುಬಣ್ಣದ ಸ್ವೆಟರುಗಳು ದೊಡ್ಡ ದೊಡ್ಡ ನಗರಗಳ ಅಂಗಡಿ ಸೇರಿದವು. 1969ರಲ್ಲಿ ಅದು ಮುಚ್ಚಿತು.

ಹುಡುಗಿ: ಆದ್ರೂ ಅವರ ಚಿತ್ರಗಳನ್ನ ಇವತ್ತಿಗೂ ಜನ ಹೆಣೀತಾರೆ.

ದೊಡ್ಡವ್ವ: ಕೂಲಿಗೆ ಹೆಣೀತಾರೇನು?

ಹುಡುಗಿ: ಇಲ್ಲ. ನನ್ನಂಗೆ.

ದೊಡ್ಡವ್ವ: ಚಿತ್ರ ಉಳೀತು, ಕೂಲಿ ನಿಂತಿತು.

ಹುಡುಗಿ: ಚಿತ್ರನೂ ಹೋಗಿದ್ರೆ ಕೂಲಿ ವಾಪಸು ಬರೋಕೆ ದಾರೀನೇ ಇರ್ತಿರಲಿಲ್ಲ. ಹಿಮಾಚಲದ ಲಾಹೌಲ್ ನೋಡು. 19ನೇ ಶತಮಾನದಲ್ಲಿ ಕೇಲಾಂಗಿಗೆ ಬಂದ ಮೊರೇವಿಯನ್ ಪಾದ್ರಿಗಳ ಮನೆ ಹೆಂಗಸರು ಅಲ್ಲಿಯವರಿಗೆ ಹೆಣಿಗೆ ಕಲಿಸಿದ್ರು. ಹೊರಗಿಂದ ಬಂದ ವಿದ್ಯೆ. ಈಗ ಅಲ್ಲಿಯ ಚಿತ್ರದ ಕಾಲುಚೀಲ, ಕೈಗವಸು ಅವರದೇ ಅಂತ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಹೊರಗಿನ ಕಡ್ಡಿ ಇಲ್ಲಿಯ ಕೈಗೆ ಒಗ್ಗಲ್ಲ ಅಂತ ಏನಿಲ್ಲ.

ದೊಡ್ಡವ್ವ: ಅಲ್ಲಿ ಹಿಮ ಬೀಳತೈತಿ. ಕಾಲುಚೀಲ ಬೇಕು, ಹೆಣೆದ್ರು. ಇಲ್ಲಿ ಯಾರಿಗೆ ಬೇಕು ಹೇಳು.

ಹುಡುಗಿ: 1962ರಲ್ಲಿ ಚೀನಾ ಯುದ್ಧ ಆದಾಗ ದೇಶದ ಎಷ್ಟೋ ಕಡೆ ಹೆಂಗಸರು ಜವಾನರಿಗೆ ಸ್ವೆಟರ್ ಹೆಣೆದು ಕಳಿಸಿದ್ರಲ್ಲ. ಅವರೆಲ್ಲ ಚಳಿ ಊರಿನವರಾ?

ದೊಡ್ಡವ್ವ: ಜವಾನರಿಗೆ ಬೇಕಿತ್ತು. ನಿಮ್ಮಕ್ಕಗ ಬೇಕಂತ ಅಕಿ ಕೇಳ್ಯಾಳೇನು?

ಅಕ್ಕ ಕೇಳಿರಲಿಲ್ಲ. ಹುಡುಗಿ ಅದನ್ನು ಒಪ್ಪಿಕೊಂಡಳು. ಕೇಳದೆ ಕೊಡುವುದಕ್ಕೇ ಉಡುಗೊರೆ ಎನ್ನುತ್ತಾರೆಂದೂ ಸೇರಿಸಿದಳು. ದೊಡ್ಡವ್ವನಿಗೆ ಆ ಉತ್ತರ ರುಚಿಸಿದ ಹಾಗೆ ಕಾಣಲಿಲ್ಲ, ತಿರುಗಿ ಹೇಳಲು ಏನೂ ಹೊಳೆಯಲೂ ಇಲ್ಲ. ಆಕೆ ಮತ್ತೆ ಮಾದರಿಯ ಬೆನ್ನಿಗೇ ಬಂದಳು.

ದೊಡ್ಡವ್ವ: ಈ ಬೆನ್ನಿಗೇನು ಮಾಡ್ತಿ?

ಹುಡುಗಿ: ಎರಡು ಪಟ್ಟು ಉದ್ದ ಹೆಣೆದು, ಒಳಗೆ ಮಡಚಿ, ಮೊದಲ ಸುತ್ತಿಗೂ ಕೊನೆ ಸುತ್ತಿಗೂ ಹೊಲಿಗೆ ಹಾಕಿಬಿಡಬಹುದು. ದಾರವೆಲ್ಲ ಒಳಗೆ ಹೋಗುತ್ತೆ, ಎರಡು ಕಡೇನೂ ಮುಖ. ಬೆಂಡೋಲೆಗೆ ಸಿಗಲ್ಲ.

ದೊಡ್ಡವ್ವ: ಮುಚ್ಚಿಟ್ರ ನೀ ಹೆಂಗ ಮಾಡೀದಿ ಅಂತ ಯಾರಿಗೆ ಗೊತ್ತಾಗ್ತೈತಿ? ತೆರೆದೇ ಇರ್ಲಿ. ಬೆನ್ನು ಚೊಕ್ಕ ಮಾಡೋದು ಕಲಿ.

ಹುಡುಗಿ: ಮುಚ್ಚೋದೂ ಒಂದು ಕೆಲಸಾನೇ. ನಾಲ್ಕು ಪದರ ಆದ್ರೆ ಎಡಿನ್‌ಬರೋ ಗಾಳಿಗೆ ತಡೆಯುತ್ತೆ.

ದೊಡ್ಡವ್ವ: ಹಂಗಾದ್ರ ಉಲ್ಲನ್ನೂ ಎರಡು ಪಟ್ಟು.

ಹುಡುಗಿ: ಎರಡು ಪಟ್ಟು. 25 ಗ್ರಾಮಿನ ಉಂಡೆ ಇಷ್ಟೇ ಇರೋದು, ಸಾಲಲ್ಲ.

ದೊಡ್ಡವ್ವ: ಒಳಗಿನ ಅರ್ಧಕ್ಕ ನಮ್ಮ ಉಣ್ಣಿ ಹಾಕು.

ಹುಡುಗಿ: ಒಳಗಿಂದೇ ಅಲ್ವಾ ಕೊರಳಿಗೆ ತಾಗೋದು!

ದೊಡ್ಡವ್ವ: ಹೊರಗ ಹಾಕು ಹಂಗಾದ್ರ. ಗೋಪುರ ಕರಿ ಬಿಳಿ ನಮ್ಮ ಕುರೀದು, ಕೊರಳ ಕಡೀಗೆ ಪರದೇಶದ್ದು.

ಹುಡುಗಿಗೆ ಆಸೆಯಾಯಿತು, ಅನುಮಾನವೂ ಬಂತು. ಎರಡು ಜಾತಿಯ ಉಣ್ಣೆ ನೀರು ಕಂಡಾಗ ಒಂದೇ ಸಮ ಕುಗ್ಗುವುದಿಲ್ಲ. ಮಿಲ್ಲಿನ ದಾರ ಉದ್ದಕ್ಕೂ ಒಂದೇ ದಪ್ಪ. ಕೈನೂಲು ಗೇಣಿಗೊಂದು ಥರ. ಹೊರಪದರ 10 ಸೆಂಟಿಮೀಟರಿಗೆ 24 ಕುಣಿಕೆಯ ಬದಲು 16ಕ್ಕೆ ಇಳಿದರೆ 144ರ ಲೆಕ್ಕವೇ ಹೋಗಿ 96 ಆಗುತ್ತದೆ. 12ರ ಗೋಪುರ ಸುತ್ತಲೂ ಎಂಟೇ ಕೂರುತ್ತದೆ. ಒಳಗೂ ಹೊರಗೂ ಒಂದೇ ಸುತ್ತಳತೆ ಬಂದೀತೇ ಎಂಬುದು ಎರಡು ಉಣ್ಣೆಯಲ್ಲೂ ಒಂದೊಂದು ಮಾದರಿ ಹೆಣೆದು, ತೊಳೆದು, ಒಣಗಿಸಿ, ಅಳತೆಪಟ್ಟಿ ಹಿಡಿದ ಮೇಲೇ ಹೇಳಬೇಕಾದ ಮಾತು.

ಹುಡುಗಿ: ಬಿಳಿ ಉಣ್ಣೆ ಈಗ ಯಾವ ಹಟ್ಟೀಲಿ ಸಿಗುತ್ತೆ?

ದೊಡ್ಡವ್ವ: ಕೋಸಿಗಿ ಕಡೆ ನಮ್ಮವರು ಅದಾರ, ಕೇಳಿಸ್ತೀನಿ. ಸಿಕ್ಕರೂ ನೂಲೋದು ನೀನು. ನನ್ನ ಹೆಬ್ಬೆರಳು ಈಗ ತಿರುಗಂಗಿಲ್ಲ.

ಹುಡುಗಿ: ನನಗೆ ನೂಲೋದು ಬರಲ್ಲ. ನಾನು ನೂಲೋದು ಕಲಿಯೋದಾದ್ರೆ ನೀನು ಕಡ್ಡಿ ಹಿಡಿಯೋದು ಕಲೀಬೇಕು.

ದೊಡ್ಡವ್ವ: ಈ ವಯಸ್ಸಿನಾಗ?

ಹುಡುಗಿ: ಬಾಗಿಲು ಬಿಡು ಅಂದೋಳು ನೀನು. ಆ ಸುತ್ತು ನೀನೇ ಹಾಕು.

ದೊಡ್ಡವ್ವ: ನಿನ್ನ ಕಾಗದದ ಚೌಕ ನನ್ನ ಕಣ್ಣಿಗೆ ಕಾಣಂಗಿಲ್ಲ. ಕ್ಯಾಲೆಂಡರ್ ಹಿಂದ ದೊಡ್ಡದಾಗಿ ಬರ್ಕೊಂಡು ಬಾ, ನೋಡೋಣಂತ. ಬುಡದಾಗ ಬಾಗಿಲು ಮರೀಬ್ಯಾಡ.